ಗಂಡಾದರೂ ಹೆಣ್ಣಾದರೂ ಹೊಂದುವ ಹೆಸರು: ಈ ಪಟ್ಟಿಯಲ್ಲಿ ಯಾವುದು ಉಳಿಯುತ್ತದೆ?

ಮಲ್ಲಿಗೆಬಳ್ಳಿ_ಮೈಸೂರು (ಪ್ರಶ್ನೆ)

ಹೆರಿಗೆಗೆ ಇನ್ನು ಐದಾರು ವಾರ ಇದೆ. ಗಂಡೋ ಹೆಣ್ಣೋ ಮೊದಲೇ ತಿಳಿಯುವ ಹಾಗಿಲ್ಲ, ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇರುವುದೇ ಅದಕ್ಕೆ. ನಮಗೆ ತಿಳಿಯುವ ಆಸೆಯೂ ಇಲ್ಲ. ಹಾಗಾಗಿ ಯಾರೇ ಬಂದರೂ ಹೊಂದುವ ಒಂದು ಹೆಸರನ್ನು ಈಗಲೇ ಆರಿಸಿಟ್ಟುಕೊಳ್ಳೋಣ ಅಂತ ಇಬ್ಬರೂ ತೀರ್ಮಾನಿಸಿದ್ದೇವೆ. ಬರೀ ಅನುಕೂಲಕ್ಕಲ್ಲ, ಹೆಸರು ಓದಿದ ತಕ್ಷಣ ಗಂಡು ಹೆಣ್ಣು ಅಂತ ಲೆಕ್ಕ ಹಾಕಲು ಆಗಬಾರದು ಅನ್ನುವುದೂ ಇದೆ.

ಸದ್ಯದ ಪಟ್ಟಿ: ಚಂದನ, ಗಗನ, ನಿಸರ್ಗ, ತೇಜಸ್ವಿ, ಕಿರಣ್, ಸುಮನ್, ಮಧು, ಶಶಿ, ಮುಗಿಲು, ಅರಿವು.

ಇನ್ನೂ ಮೂರು ವಿಷಯ. ಮನೆಯ ಹಿರಿಯರಿಗೆ ನಕ್ಷತ್ರದ ಅಕ್ಷರ ಬೇಕು. ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್‌ಗಳಲ್ಲಿ ಮುಂದೆ ತಲೆನೋವು ಆಗಬಾರದು. ಒಂದೆರಡು ವರ್ಷದಲ್ಲಿ ಕೆಲಸದ ಮೇಲೆ ಜರ್ಮನಿಗೆ ಹೋಗುವ ಸಾಧ್ಯತೆಯಿದೆ. ದಯವಿಟ್ಟು ಹೊಸ ಹೆಸರುಗಳ ಉದ್ದುದ್ದ ಪಟ್ಟಿ ಕೊಡಬೇಡಿ, ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಇದರಲ್ಲಿ ಯಾವುದನ್ನು ಹೊಡೆದು ಹಾಕಬೇಕು, ಏಕೆ, ಅಷ್ಟು ಹೇಳಿದರೆ ಸಾಕು.


ವಿಭಕ್ತಿಪ್ರತ್ಯಯ

ನೀವು ಅರ್ಥ ನೋಡಿ ಆರಿಸಿದ್ದೀರಿ, ಕೊನೆಯ ಅಕ್ಷರ ನೋಡಿಲ್ಲ. ಕನ್ನಡದಲ್ಲಿ ಹೆಸರಿನ ಗುಟ್ಟು ರಟ್ಟಾಗುವುದು ಅಲ್ಲಿಯೇ.

ಪಟ್ಟಿಯ ಒಂದೊಂದು ಹೆಸರಿಗೂ ‘ಗೆ’ ಹಚ್ಚಿ ನೋಡಿ. ಗಗನ ಅನ್ನುವವರಿಗೆ ಒಂದು ಪುಸ್ತಕ ಕೊಡಬೇಕು ಅಂದುಕೊಳ್ಳಿ. ಹುಡುಗನಾದರೆ ‘ಗಗನನಿಗೆ ಕೊಡು’, ಹುಡುಗಿಯಾದರೆ ‘ಗಗನಳಿಗೆ ಕೊಡು’, ಆಕಾಶಕ್ಕಾದರೆ ‘ಗಗನಕ್ಕೆ’. ಅಕಾರದಲ್ಲಿ ಮುಗಿಯುವ ಪದಕ್ಕೆ ಕನ್ನಡ ಮೂರು ದಾರಿ ಇಟ್ಟಿದೆ, ಒಂದನ್ನು ಆರಿಸದೆ ವಾಕ್ಯ ಮುಂದೆ ಹೋಗುವುದೇ ಇಲ್ಲ. ಚಂದನನ, ಚಂದನಳ, ಚಂದನದ. ನಿಸರ್ಗನ, ನಿಸರ್ಗಳ, ನಿಸರ್ಗದ. ಅರ್ಥ ಎಷ್ಟೇ ತಟಸ್ಥವಾಗಿರಲಿ, ಬಾಯಿ ಬಿಟ್ಟ ಕೂಡಲೇ ಮುಗಿಯಿತು. ಆದ್ದರಿಂದ ಚಂದನ, ಗಗನ, ನಿಸರ್ಗ ಮೂರನ್ನೂ ಹೊಡೆದು ಹಾಕಿ.

ಇನ್ನು ಶಶಿ: ಶಶಿಗೆ, ಶಶಿಯ, ಶಶಿಯನ್ನು. ಮಧು: ಮಧುವಿಗೆ, ಮಧುವಿನ, ಮಧುವನ್ನು. ಇಲ್ಲಿ ಗಂಡು ಹೆಣ್ಣು ಎರಡಕ್ಕೂ ಒಂದೇ ರೂಪ. ಇಕಾರ, ಉಕಾರದಲ್ಲಿ ಮುಗಿಯುವ ಹೆಸರು ವಿಭಕ್ತಿಯಲ್ಲಿ ಬಾಯಿ ಬಿಡುವುದಿಲ್ಲ. ಅರ್ಧಾಕ್ಷರದಲ್ಲಿ ಮುಗಿಯುವುದೂ ಹಾಗೆಯೇ: ಕಿರಣ್‌ಗೆ, ಸುಮನ್‌ಗೆ. ಆದರೆ ಅದನ್ನು ‘ಕಿರಣ’ ಎಂದು ಪೂರ್ಣಾಕ್ಷರದಲ್ಲಿ ಬರೆದಿರೋ, ಕಿರಣನಿಗೆ, ಕಿರಣಳಿಗೆ ಶುರುವಾಯಿತು. ಅರ್ಧಾಕ್ಷರದ ಒಂದು ಚಿಕ್ಕ ಗುರುತಿನ ಮೇಲೆ ಎಲ್ಲ ನಿಂತಿದೆ.

‘ಬಂದ, ಬಂದಳು’ ಮಾತ್ರ ಯಾವ ಹೆಸರಿಟ್ಟರೂ ತಪ್ಪದು, ಅದು ಕ್ರಿಯಾಪದದ ಕೆಲಸ. ‘ಬಂದರು’ ಅನ್ನುವ ಮರ್ಯಾದೆಯ ರೂಪವೊಂದೇ ಅದಕ್ಕೆ ಆಸರೆ. ಅದನ್ನು ಹೆಸರಿನ ತಲೆಗೆ ಕಟ್ಟಬೇಡಿ.

ಎರಡನೇ ಪರೀಕ್ಷೆ ಜೋಡಿಯದು. ಹೆಸರಿಗೆ ‘ಆ’ ಅಥವಾ ‘ಇನಿ’ ಸೇರಿಸಿದರೆ ಚಾಲ್ತಿಯಲ್ಲಿರುವ ಹುಡುಗಿಯ ಹೆಸರು ಹುಟ್ಟುತ್ತದೆಯೇ ನೋಡಿ. ಚೇತನ್‌ಗೆ ಚೇತನಾ ಇದೆ, ಅಮೃತ್‌ಗೆ ಅಮೃತಾ ಇದೆ, ತೇಜಸ್ವಿಗೆ ತೇಜಸ್ವಿನಿ ಇದೆ. ಜೋಡಿ ಇದ್ದಲ್ಲಿ ಮೂಲ ಹೆಸರು ಗಂಡಿನ ಪಾಲಿಗೆ ಹೋಗಿರುತ್ತದೆ. ಸುಮನ್‌ಗೆ ಸುಮನಾ ಇದೆಯಾದರೂ ಸುಮನ್ ಅನ್ನುವ ಹೆಣ್ಣುಮಕ್ಕಳೂ ಇರುವುದರಿಂದ ಅರ್ಧ ಪಾಸು. ಕಿರಣ್‌ಗೆ ಬಳಕೆಯಲ್ಲಿರುವ ಜೋಡಿ ಇಲ್ಲ ಅನ್ನಬಹುದು, ಪಾಸು.

ತೇಜಸ್ವಿಯದು ಸ್ವಲ್ಪ ತಮಾಷೆ. ಸಂಸ್ಕೃತದಲ್ಲಿ ‘ತೇಜಸ್ವಿನ್’ ಪ್ರಾತಿಪದಿಕ, ಅಂದರೆ ಪ್ರತ್ಯಯ ಸೇರುವ ಮುಂಚಿನ ಮೂಲರೂಪ, ‘ತೇಜಸ್ವೀ’ ಪುಲ್ಲಿಂಗ. ಮನಸ್ವಿ, ಯಶಸ್ವಿ, ಓಜಸ್ವಿ ಎಲ್ಲ ಅದೇ ಸಾಲಿನವು. ನಮ್ಮ ಕಿವಿ ಮಾತ್ರ ಕೊನೆಯ ಇಕಾರ ಕೇಳಿ ಹೆಣ್ಣು ಅನ್ನುತ್ತದೆ, ಮನಸ್ವಿ ಈಗ ಹುಡುಗಿಯರ ಹೆಸರೇ ಆಗಿದೆ. ಯಶಸ್ವಿ ಜೈಸ್ವಾಲ್ ಕ್ರಿಕೆಟ್ ಆಡುತ್ತಿರುವುದರಿಂದ ಯಶಸ್ವಿ ಇನ್ನೂ ಗಂಡಿನ ಕಡೆ ಇದೆ. ಪೂರ್ಣಚಂದ್ರ ತೇಜಸ್ವಿಯವರ ಹೆಸರನ್ನು ಓದಿ ಬೆಳೆದ ಕನ್ನಡಿಗರಿಗೆ ತೇಜಸ್ವಿ ಹುಡುಗಿ ಅಂದರೆ ಒಂದು ಕ್ಷಣ ತಡೆಯುತ್ತದೆ. ಇಟ್ಟರೆ ತಪ್ಪಿಲ್ಲ, ಆದರೆ ಸಮತೂಕ ಇಲ್ಲ.

ಹೊಸದನ್ನು ಹುಡುಕುವುದಾದರೆ ಪಟ್ಟಿ ಬೇಡ, ಒಂದು ದಾರಿ ಹೇಳುತ್ತೇನೆ. ಗಂಡು ಹೆಣ್ಣು ಎರಡರ ಉದ್ದ ಹೆಸರುಗಳಿಗೂ ತಲೆಯಾಗಿರುವ ತುಂಡನ್ನು ಹಿಡಿಯಿರಿ. ಶಶಿಧರ, ಶಶಿಕಲಾ ಇಬ್ಬರೂ ಮನೆಯಲ್ಲಿ ಶಶಿ. ಮಧುಸೂದನ, ಮಧುಮತಿ ಇಬ್ಬರೂ ಮಧು. ಭಾನುಪ್ರಕಾಶ, ಭಾನುಮತಿ ಇಬ್ಬರೂ ಭಾನು. ಈ ಹೆಸರುಗಳಿಗೆ ಎರಡೂ ಕಡೆ ಓಡಾಡಿ ಹಳೆಯ ರೂಢಿಯಿದೆ.


ಗುಮ್ಮಟದ_ಕಡೆಯಾಂವ

ಮ್ಯಾಲಿನವರು ಹೇಳಿದ್ದು ಖರೆ. ಆದರ ಇದು ಹೊಸಾ ಫ್ಯಾಶನ್ ಅಂತ ಯಾರೂ ತಿಳಕೋಬಾರದು ಅಂತ ಎರಡು ಮಾತು ಬರೀತೀನಿ.

ನಮ್ಮ ಕಡೆ ಹೆಸರಿನ ಬೇರು ಯಾವತ್ತೂ ಇಬ್ಬರಿಗೂ ಸೇರಿದ್ದು. ಬಸಪ್ಪ, ಬಸವ್ವ. ನಿಂಗಪ್ಪ, ನಿಂಗವ್ವ. ಯಲ್ಲಪ್ಪ, ಯಲ್ಲವ್ವ. ದುರ್ಗಪ್ಪ, ದ್ಯಾಮಣ್ಣ ನೋಡ್ರಿ, ದೇವಿ ಹೆಸರು ಗಂಡಸಿಗೆ. ದಕ್ಷಿಣದಾಗೂ ಹೊನ್ನಪ್ಪ, ಹೊನ್ನಮ್ಮ, ಮಾದಪ್ಪ, ಮಾದಮ್ಮ ಅದಾವ. ಬೇರು ಒಂದ, ಬಾಲ ಬ್ಯಾರೆ. ಸಿಖ್ಖರದೂ ಇದ ಲೆಕ್ಕ: ಗುರುಪ್ರೀತ್ ಅಂದ್ರ ಗಂಡೂ ಹೌದು ಹೆಣ್ಣೂ ಹೌದು, ಹಿಂದ ಸಿಂಗ್ ಬಂತೋ ಕೌರ್ ಬಂತೋ ಅನ್ನೂದರ ಮ್ಯಾಲ ತಿಳೀತದ.

ಬಾಲ ಕತ್ತರಿಸಿದ್ರ ಏನಾಗ್ತದ? ಅಪ್ಪ, ಅವ್ವ ತಗದ ಕೂಡ್ಲೆ ಅ-ಇ ಜಗಳ ಶುರು ಆಗ್ತದ. ನಿಂಗ, ನಿಂಗಿ. ಕೆಂಪ, ಕೆಂಪಿ. ಮಾದ, ಮಾದಿ. ಹಳ್ಳಿ ಕಿವಿಗೆ ‘ಅ’ ಗಂಡು, ‘ಇ’ ಹೆಣ್ಣು. ರವಿ, ಹರಿ, ಮುರಳಿ ಇರೂದ್ರಿಂದ ‘ಇ’ ಪೂರಾ ಹೆಣ್ಣಲ್ಲ, ಆದರೂ ಪರಿಚಯ ಇಲ್ಲದ ಹೆಸರು ‘ಇ’ದಾಗ ಮುಗದ್ರ ಮಂದಿ ಹೆಣ್ಣು ಅಂತನ ತಿಳೀತಾರ. ಎಕಾರ ಇನ್ನೂ ಗಟ್ಟಿ ಹೆಣ್ಣು, ಯಾಕಂದ್ರ ಸಂಸ್ಕೃತದ ಆಕಾರ ಕನ್ನಡಕ್ಕ ಬರೂ ಮುಂದ ಎಕಾರ ಆಗ್ತದ: ಲತಾ ಹೋಗಿ ಲತೆ, ಸೀತಾ ಹೋಗಿ ಸೀತೆ. ಹಿಂಗಾಗಿ ನನ್ನ ಕೇಳಿದ್ರ ಉಕಾರಾಂತ ಹೆಸರ ಎಲ್ಲಾದಕ್ಕಿಂತ ಚೊಲೊ. ಮಧು, ಭಾನು.

ಇನ್ನೊಂದು. ಊರು ಬದಲಾದ್ರ ಹೆಸರಿನ ಲಿಂಗಾನೂ ಬದಲಾಗ್ತದ. ಜ್ಯೋತಿ ನಮ್ಮಲ್ಲಿ ಹೆಣ್ಣಮಗಳು, ಬಂಗಾಳದಾಗ ಜ್ಯೋತಿ ಬಸು ಮುಖ್ಯಮಂತ್ರಿ ಆಗಿದ್ರು. ಕಿರಣ್ ಅಂದ್ರ ಇಲ್ಲೆ ಬಹಳ ಮಾಡಿ ಹುಡುಗ. ಕಿರಣ್ ಬೇಡಿ, ಕಿರಣ್ ಮಜುಂದಾರ್ ಷಾ ಹೆಸರು ಕೇಳಿದವರಿಗೆ ಹೆಣ್ಣೂ ಹೌದು. ಒಟ್ಟು ತೂಕ ನೋಡಿದ್ರ ಕಿರಣ್ ನಿಜವಾಗಿ ನಡೂವ ನಿಂತದ. ಶಶಿನೂ ಹಂಗ: ಈ ಕಡೆ ಶಶಿ ತರೂರ್, ಆ ಕಡೆ ನಮ್ಮ ಧಾರವಾಡದಾಗ ಹುಟ್ಟಿದ ಕಾದಂಬರಿಕಾರ್ತಿ ಶಶಿ ದೇಶಪಾಂಡೆ.


ನಮೂನೆ_ಒಂದು

ದಾಖಲೆಗಳ ಬಗ್ಗೆ. ಭಾರತದಲ್ಲಿ ಇಂಥ ಹೆಸರು ಗಂಡಿಗೆ, ಇಂಥದ್ದು ಹೆಣ್ಣಿಗೆ ಎಂದು ಕಾನೂನು ಎಲ್ಲೂ ಹೇಳುವುದಿಲ್ಲ. ಅಧಿಕಾರಿ ಅದೇ ಕಾರಣಕ್ಕೆ ಹೆಸರನ್ನು ನಿರಾಕರಿಸುವಂತಿಲ್ಲ. ತೊಂದರೆ ಬರುವುದು ಬೇರೆ ಕಡೆಯಿಂದ.

ಮೊದಲು ಅವಸರ ಬಿಡಿ. ಜನನವನ್ನು 21 ದಿನದೊಳಗೆ ವರದಿ ಮಾಡಬೇಕು, ಆಸ್ಪತ್ರೆಯಲ್ಲಿ ಹುಟ್ಟಿದರೆ ಆಸ್ಪತ್ರೆಯವರೇ ಕಳಿಸುತ್ತಾರೆ. ಆದರೆ ಹೆಸರಿಗೆ ಆ ಗಡುವು ಇಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಪ್ರಕರಣದ ಪ್ರಕಾರ ಹೆಸರಿಲ್ಲದೆಯೇ ಜನನ ನೋಂದಾಯಿಸಬಹುದು. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಅದಾದ ಮೇಲೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಹಾಗಾಗಿ ಹೆರಿಗೆ ವಾರ್ಡಿನಲ್ಲಿ ಫಾರಂ ಹಿಡಿದು ಬಂದವರು ‘ಹೆಸರು ಬೇಗ ಹೇಳಿ’ ಅಂದರೆ ಆ ಕಲಂ ಖಾಲಿ ಬಿಡಿ ಎನ್ನಿ.

ಅವಸರದ ಅಪಾಯ ಏನೆಂದರೆ, ಒಮ್ಮೆ ಬರೆಸಿದ ಹೆಸರನ್ನು ಮನಸ್ಸು ಬದಲಾಯಿತೆಂದು ಬದಲಿಸಲು 15ನೇ ಪ್ರಕರಣ ಇಲ್ಲ. ಅದು ಇರುವುದು ತಪ್ಪು ನಮೂದನ್ನು ತಿದ್ದಲು. ‘ಚಂದನ್’ ಎಂದು ಕೊಟ್ಟಿದ್ದನ್ನು ಗುಮಾಸ್ತರು ‘ಚಂದ್ರನ್’ ಎಂದು ಬರೆದಿದ್ದರೆ ಅದು ತಪ್ಪು. ನೀವೇ ‘ಗಗನ’ ಎಂದು ಕೊಟ್ಟು, ಆಮೇಲೆ ‘ಮಧು’ ಚೆಂದ ಅನ್ನಿಸಿದರೆ ಅದು ತಪ್ಪಲ್ಲ.

ಎರಡನೆಯದು ಬಹಳ ಮುಖ್ಯ, ಇದನ್ನು ಯಾರೂ ಹೇಳುವುದಿಲ್ಲ. ತಟಸ್ಥ ಹೆಸರಿಟ್ಟವರು ಲಿಂಗದ ಕಲಂ ಅನ್ನು ಎರಡು ಸಲ ಓದಬೇಕು. ಲಕ್ಷ್ಮಿ ಎಂಬ ಹೆಸರಿನ ಮುಂದೆ ‘ಗಂಡು’ ಎಂದು ಬಿದ್ದಿದ್ದರೆ ಮುಂದಿನ ಮೇಜಿನವರಿಗೇ ಕಣ್ಣಿಗೆ ಹೊಡೆಯುತ್ತದೆ. ಮಧು ಎಂಬ ಹೆಸರಿನ ಮುಂದೆ ಬಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಅದೇ ತಪ್ಪು ಆಧಾರ್‌ಗೆ, ಶಾಲೆಗೆ, ಪಾಸ್‌ಪೋರ್ಟ್‌ಗೆ ನಡೆದುಕೊಂಡು ಹೋಗುತ್ತದೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಲಿಂಗವನ್ನು ಒಂದೇ ಸಲ ಬದಲಿಸಬಹುದು. ಆ ಒಂದು ಅವಕಾಶವನ್ನು ಯಾರದೋ ಟೈಪಿಂಗ್ ತಪ್ಪಿಗೆ ಖರ್ಚು ಮಾಡುವುದು ಬೇಡ.

ಕೆಲಸದ ಕ್ರಮ ಹೀಗಿರಲಿ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ನಮ್ಮ ಪ್ರಮಾಣಪತ್ರ ಎರಡೂ ಭಾಷೆಯಲ್ಲಿ ಬರುತ್ತದೆ, ಎರಡನ್ನೂ ನೀವೇ ಕೊಡದಿದ್ದರೆ ಒಂದನ್ನು ಅವರು ಊಹಿಸುತ್ತಾರೆ. ಊಹೆ ಹೇಗಿರುತ್ತದೆ ಅಂದರೆ, ಮಗು ಹೆಣ್ಣು ಎಂದು ಗೊತ್ತಾದ ಕೂಡಲೇ ಕಿರಣ್ ಹೋಗಿ ‘ಕಿರಣಾ’, ಸುಮನ್ ಹೋಗಿ ‘ಸುಮನಾ’. ಬೆರಳು ತಾನಾಗಿಯೇ ದೀರ್ಘ ಒತ್ತಿಬಿಡುತ್ತದೆ. ಮುದ್ರಿಸುವ ಮುನ್ನ ಪರದೆಯ ಮೇಲೆ ಓದಲು ಕೇಳಿ. ನೋಡಬೇಕಾದ್ದು: ಕನ್ನಡ ಹೆಸರಿನ ಕೊನೆಯ ಅಕ್ಷರ, ಇಂಗ್ಲಿಷ್ ಹೆಸರಿನ ಕೊನೆಯ ಅಕ್ಷರ, ಲಿಂಗ, ದಿನಾಂಕ, ತಾಯಿ ತಂದೆಯ ಹೆಸರು ಅವರ ಆಧಾರ್‌ನಲ್ಲಿರುವ ಹಾಗೆಯೇ ಇದೆಯೇ. ಆಮೇಲೆ ಆಧಾರ್, ಆಮೇಲೆ ಪಾಸ್‌ಪೋರ್ಟ್. ಮಧ್ಯದಲ್ಲಿ ಕ್ರಮ ತಪ್ಪಿಸಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕದ ಆಧಾರ ಜನನ ಪ್ರಮಾಣಪತ್ರ ಮಾತ್ರ. ಹಾಗಾಗಿ ಅಲ್ಲಿನ ತಪ್ಪಿಗೆ ಬೇರೆ ಕಾಗದ ತೋರಿಸಿ ಪಾರಾಗುವ ದಾರಿ ಮುಚ್ಚಿದೆ.

ರೈಲು ಟಿಕೆಟ್ ಬೇರೆಯವರ ಕೈಯಲ್ಲಿ ಮಾಡಿಸುವಾಗಲೂ ಲಿಂಗವನ್ನು ಬಾಯಿಬಿಟ್ಟು ಹೇಳಿ. ಹೆಸರು ನೋಡಿ ತುಂಬಿಬಿಡುತ್ತಾರೆ.


ಪಂಚಾಂಗದ_ಪುಟ

ನಕ್ಷತ್ರದ ಅಕ್ಷರ ಮೊದಲೇ ಗೊತ್ತಾಗುವುದಿಲ್ಲ, ಚಂದ್ರ ಒಂದು ಪಾದ ದಾಟಲು ಸರಿಸುಮಾರು ಆರು ಗಂಟೆ ಸಾಕು. ಆದರೆ ನಿಮ್ಮ ಪಟ್ಟಿಯ ಯಾವ ಹೆಸರು ಯಾವ ಪಾದಕ್ಕೆ ಕೂಡುತ್ತದೆ ಎಂದು ಈಗಲೇ ಗುರುತು ಮಾಡಿಟ್ಟುಕೊಳ್ಳಬಹುದು. 27 ನಕ್ಷತ್ರ, ತಲಾ 4 ಪಾದ, ಒಟ್ಟು 108 ಅಕ್ಷರ.

ಮಘಾ ನಕ್ಷತ್ರಕ್ಕೆ ಮ, ಮಿ, ಮು, ಮೆ. ಮಧು ಮೊದಲ ಪಾದಕ್ಕೆ, ಮುಗಿಲು ಮೂರನೆಯದಕ್ಕೆ. ಮೃಗಶಿರಕ್ಕೆ ವೆ, ವೊ, ಕ, ಕಿ. ಕಿರಣ್ ನಾಲ್ಕನೇ ಪಾದ. ಕೃತ್ತಿಕೆಗೆ ಅ, ಇ, ಉ, ಎ. ಅರಿವು ಮೊದಲ ಪಾದ. ಶತಭಿಷಕ್ಕೆ ಗೊ, ಸ, ಸಿ, ಸು. ಸುಮನ್ ನಾಲ್ಕನೇ ಪಾದ. ಶ, ಸ ಒಂದೇ ಎಂದು ಒಪ್ಪುವ ಮನೆಗಳಲ್ಲಿ ಶಶಿಯೂ ಶತಭಿಷದ ಎರಡನೇ ಪಾದಕ್ಕೆ ಬರುತ್ತದೆ. ಮೇಲೆ ಯಾರೋ ಹೇಳಿದ ಭಾನು ಮೂಲಾ ನಕ್ಷತ್ರದ ಮೂರನೇ ಪಾದ.

ಹೊಂದದೆ ಹೋದರೆ? ಹಸ್ತಾ ನಕ್ಷತ್ರಕ್ಕೆ ಪು, ಷ, ಣ, ಠ. ಆರ್ದ್ರೆಗೆ ಕು, ಘ, ಙ, ಛ. ‘ಣ’ದಿಂದ, ‘ಙ’ದಿಂದ ಶುರುವಾಗುವ ಹೆಸರು ಯಾರಿಗೂ ಸಿಗುವುದಿಲ್ಲ. ಅದಕ್ಕೇ ಸಂಪ್ರದಾಯದಲ್ಲಿ ನಾಲ್ಕು ಹೆಸರಿನ ಪದ್ಧತಿ ಇದೆ: ದೇವತಾ ನಾಮ, ಮಾಸ ನಾಮ, ನಕ್ಷತ್ರ ನಾಮ, ವ್ಯಾವಹಾರಿಕ ನಾಮ. ಹಿರಿಯರು ಕೇಳುತ್ತಿರುವುದು ಮೂರನೆಯದನ್ನು, ನೀವು ಆರಿಸುತ್ತಿರುವುದು ನಾಲ್ಕನೆಯದನ್ನು. ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಯುವಾಗ ನಾಲ್ಕನ್ನೂ ಬರೆಯಬಹುದು, ಕಿವಿಯಲ್ಲಿ ನಾಲ್ಕನ್ನೂ ಹೇಳಬಹುದು. ನಕ್ಷತ್ರ ನಾಮ ಸಂಕಲ್ಪಕ್ಕೆ, ಜಾತಕಕ್ಕೆ ಇರಲಿ. ಇದನ್ನು ಹಿರಿಯರಿಗೆ ನಾಮಕರಣದ ದಿನ ಹೇಳಬೇಡಿ, ಅದಕ್ಕೆ ಮುಂಚೆಯೇ ಪುರೋಹಿತರ ಬಾಯಿಂದ ಹೇಳಿಸಿ. ಕೆಲಸ ಸುಲಭವಾಗುತ್ತದೆ.

ಒಂದು ಆಕ್ಷೇಪ ಬರಬಹುದು. ಮನೆಯ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಗ್ರಂಥ ಪಾರಸ್ಕರ ಗೃಹ್ಯಸೂತ್ರ ಗಂಡುಮಗುವಿಗೆ ಎರಡು ಅಥವಾ ನಾಲ್ಕು ಅಕ್ಷರದ ಹೆಸರು, ಹೆಣ್ಣುಮಗುವಿಗೆ ಬೆಸ ಸಂಖ್ಯೆಯ ಅಕ್ಷರವಿದ್ದು ಆಕಾರದಲ್ಲಿ ಮುಗಿಯುವ ಹೆಸರು ಎನ್ನುತ್ತದೆ. ಆ ಲೆಕ್ಕದಲ್ಲಿ ಮಧು, ಶಶಿ, ಕಿರಣ್ ಎಲ್ಲ ಸಮ, ಅರ್ಧಾಕ್ಷರ ಎಣಿಕೆಗಿಲ್ಲ. ಮುಗಿಲು, ಅರಿವು ಬೆಸ. ಹಾಗೆ ನೋಡಿದರೆ ಗೌರಿ, ಲಕ್ಷ್ಮಿ, ವಾಣಿ ಎಲ್ಲ ಎರಡೇ ಅಕ್ಷರ, ಆಕಾರವೂ ಇಲ್ಲ. ಆ ಹೆಸರುಗಳನ್ನು ಯಾವ ಮನೆಯಲ್ಲೂ ಬೇಡ ಅಂದಿಲ್ಲ. ಆಕ್ಷೇಪ ಎತ್ತಿದವರಿಗೆ ಅಷ್ಟು ಹೇಳಿದರೆ ಸಾಕು.


ರೈನ್_ದಡದಿಂದ

ಜರ್ಮನಿ ಅಂದಿರಲ್ಲ, ಈ ವಿಷಯದಲ್ಲಿ ಆ ದೇಶದ ಕಾನೂನಿಗೂ ನಿಮ್ಮ ಪಟ್ಟಿಗೂ ನೇರ ಸಂಬಂಧವಿದೆ. ಅಲ್ಲಿ ಬಹಳ ಕಾಲ ಮೊದಲ ಹೆಸರಿನಿಂದ ಮಗು ಗಂಡೋ ಹೆಣ್ಣೋ ತಿಳಿಯಬೇಕು ಎಂದು ನೋಂದಣಿ ಕಚೇರಿಗಳು ಹಟ ಹಿಡಿಯುತ್ತಿದ್ದವು. ಎರಡೂ ಕಡೆ ಹೊಂದುವ ಹೆಸರಾದರೆ ಜೊತೆಗೆ ಸ್ಪಷ್ಟವಾದ ಇನ್ನೊಂದು ಹೆಸರು ಸೇರಿಸಿ ಎನ್ನುತ್ತಿದ್ದರು. ಅದನ್ನು ಮುರಿದ ಮೊಕದ್ದಮೆಯ ಹೆಸರು ಯಾವುದು ಗೊತ್ತೇ? ಕಿರಣ್. ಹೆಣ್ಣುಮಗುವಿಗೆ ತಂದೆತಾಯಿ ಇಟ್ಟ ಈ ಹೆಸರನ್ನು ಕಚೇರಿ ಒಪ್ಪಲಿಲ್ಲ, ವಿಷಯ ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು. 2008ರ ಡಿಸೆಂಬರ್ 5ರಂದು ನ್ಯಾಯಾಲಯ, ಹೆಸರು ಲಿಂಗ ತೋರಿಸಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ, ಮಗುವಿನ ಹಿತಕ್ಕೆ ಧಕ್ಕೆಯಾಗಬಾರದು ಅಷ್ಟೇ ಎಂದಿತು.

ಈ ಪುಟವನ್ನು ಅಲ್ಲಿಯೇ ಹೆರಿಗೆಯಾಗುವವರೂ ಓದಬಹುದು ಎಂದು ಸೇರಿಸುತ್ತಿದ್ದೇನೆ: ಅಲ್ಲಿ ಜನನವನ್ನು ಒಂದು ವಾರದೊಳಗೆ ತಿಳಿಸಬೇಕು, ಹೆಸರು ಆಗ ಕೊಡದಿದ್ದರೆ ಒಂದು ತಿಂಗಳೊಳಗೆ ಕೊಡಬೇಕು. ನಮ್ಮ 12 ತಿಂಗಳ ಆರಾಮ ಇಲ್ಲ. ಭಾರತೀಯ ಪೌರತ್ವ ಬೇಕಿದ್ದರೆ ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲೋ ಕಾನ್ಸುಲೇಟ್‌ನಲ್ಲೋ ಜನನ ನೋಂದಾಯಿಸಬೇಕು.

ಉಚ್ಚಾರಣೆ ನೋಡಿ. ಜರ್ಮನ್ನರು ‘ವಿ’ ಅಕ್ಷರವನ್ನು ಹೆಚ್ಚಾಗಿ ‘ಫ’ ಎಂದೂ ‘ಜೆ’ ಅಕ್ಷರವನ್ನು ‘ಯ’ ಎಂದೂ ಓದುತ್ತಾರೆ. ವಿಧು ಎಂದಿಟ್ಟರೆ ಫಿದು ಆಗಬಹುದು. ಕಿರಣ್, ಮಧು ಸುಲಭ. ‘ಣ’ ಹೋಗಿ ‘ನ’ ಆಗುತ್ತದೆ, ಅಷ್ಟೇ. ‘ಶ’ ಬರೆಯಲು ಅವರಿಗೆ ಮೂರಕ್ಷರ ಬೇಕು, ಆದರೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ನಕಲು ಮಾಡುತ್ತಾರೆ.

ಇಲ್ಲಿನ ಅಕಾರದ ಕಥೆ ಅಲ್ಲಿ ತಲೆಕೆಳಗಾಗುತ್ತದೆ. ಇಂಗ್ಲಿಷ್ ‘ಎ’ ಅಕ್ಷರದಲ್ಲಿ ಮುಗಿಯುವ ಹೆಸರನ್ನು ಯುರೋಪಿನ ಕಿವಿ ಹೆಣ್ಣು ಎಂದುಕೊಳ್ಳುತ್ತದೆ. ಆದಿತ್ಯ, ಕೃಷ್ಣ ಎಂಬ ಗಂಡಸರಿಗೇ ಶ್ರೀಮತಿ ಎಂದು ಪತ್ರ ಬರುತ್ತದೆ. ಗಗನ, ಚಂದನ ಬಿಡಲು ಇದು ಇನ್ನೊಂದು ಕಾರಣ. ‘ಐ’ಯಲ್ಲಿ ಮುಗಿಯುವ ಶಶಿಯೂ ಅಲ್ಲಿ ಸ್ವಲ್ಪ ಹೆಣ್ಣಿನ ಕಡೆ ವಾಲುತ್ತದೆ. ‘ಯು’ದಲ್ಲಿ ಮುಗಿಯುವ ಹೆಸರಿಗೆ ಅವರಲ್ಲಿ ರೂಢಿಯೇ ಇಲ್ಲದ್ದರಿಂದ ಊಹೆಗೂ ಜಾಗವಿಲ್ಲ, ಕೇಳಿ ತಿಳಿದುಕೊಳ್ಳುತ್ತಾರೆ.


ಮಲ್ಲಿಗೆಬಳ್ಳಿ_ಮೈಸೂರು

ಎಲ್ಲರಿಗೂ ಧನ್ಯವಾದ. ಅಕಾರದವು ಮೂರೂ ಹೋದವು. ತೇಜಸ್ವಿ, ಸುಮನ್ ಕೂಡ ಬಿಟ್ಟೆವು. ಉಳಿದದ್ದು ಕಿರಣ್, ಮಧು, ಶಶಿ, ಮುಗಿಲು, ಅರಿವು. ಕೊನೆಯ ಎರಡು ಅಚ್ಚಗನ್ನಡ, ಉಕಾರಾಂತ, ಜೋಡಿಯೂ ಇಲ್ಲ. ಎಲ್ಲ ಪರೀಕ್ಷೆಯಲ್ಲೂ ಪಾಸಾದ ಹಾಗಿದೆ. ಆದರೂ ಯಾರೂ ಅವನ್ನು ಹೊಗಳಲಿಲ್ಲ, ಏಕೆ?


ಹಾಜರಿಪುಸ್ತಕ

ಯಾಕೆಂದರೆ ಅವಕ್ಕೆ ಬೇರೆ ಪರೀಕ್ಷೆ ಇದೆ. ಬೆಳಿಗ್ಗೆ ತರಗತಿಯಲ್ಲಿ ಹಾಜರಿ ಕೂಗಿದಾಗ ಹಿಂದಿನ ಬೆಂಚಿನಿಂದ ಬರುವ ಉತ್ತರ ಊಹಿಸಿಕೊಳ್ಳಿ. ‘ಅರಿವು?’ ‘ಇನ್ನೂ ಬಂದಿಲ್ಲ ಮಿಸ್.’ ‘ಅರಿವು ಯಾಕೆ ಬಂದಿಲ್ಲ?’ ಇನ್ನು ಹತ್ತು ವರ್ಷ ಇದೇ ನಗೆ. ಗೆಲುವು ಎಂದಿಟ್ಟರೆ ಪ್ರತಿ ಪಂದ್ಯದ ದಿನ, ಒಲವು ಎಂದಿಟ್ಟರೆ ಪಿಯುಸಿಗೆ ಬಂದ ಮೇಲೆ. ದಿನಬಳಕೆಯ ವಾಕ್ಯದಲ್ಲಿ ಬರುವ ಪದ ಹೆಸರಾದರೆ ಆ ವಾಕ್ಯವೆಲ್ಲ ಮಗುವಿನ ಬೆನ್ನು ಹತ್ತುತ್ತದೆ. ‘ಇದೆ, ಇಲ್ಲ, ಬಂತು, ಹೋಯಿತು’ ನಾಲ್ಕನ್ನೂ ಹೆಸರಿನ ಪಕ್ಕ ಇಟ್ಟು ಗಟ್ಟಿಯಾಗಿ ಹೇಳಿ ನೋಡಿ.

ಮುಗಿಲು ಆ ಮಟ್ಟಿಗೆ ವಾಸಿ, ಮಾತಿನಲ್ಲಿ ‘ಮೋಡ’ ಅನ್ನುವವರೇ ಹೆಚ್ಚು. ಆದರೆ ಜಾತಿ ನಪುಂಸಕ. ‘ಮುಗಿಲು ಬಂತು’ ಎಂದು ಬಾಯಿಗೆ ಬಂದೇ ಬರುತ್ತದೆ. ಚಿಕ್ಕದಿರುವಾಗ ಚಿಂತೆಯಿಲ್ಲ, ಮಗುವಿಗೆ ಎಲ್ಲರೂ ‘ಮಗು ಬಂತು’ ಅಂತಲೇ ಅನ್ನುವುದು. ಹವ್ಯಕರ ಮಾತಿನಲ್ಲಂತೂ ದೊಡ್ಡ ಹೆಂಗಸರಿಗೂ ‘ಅದು ಬಂತು’. ಹದಿನೈದು ವರ್ಷದ ಹುಡುಗನಿಗೆ ಗೆಳೆಯರು ‘ಮುಗಿಲು ಬಂತು ನೋಡೋ’ ಅಂದರೆ ಅದು ಬೇರೆ ವಿಷಯ. ನನ್ನ ಅಭಿಪ್ರಾಯ: ಇಡಿ, ಆದರೆ ತಿಳಿದು ಇಡಿ.

ಅಚ್ಚಗನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಕಾಣುತ್ತದೆ ಅನ್ನುವುದನ್ನೂ ನೋಡಿ. ಹೊಳೆ ಎಷ್ಟು ಚೆಂದದ ಪದ! ಇಂಗ್ಲಿಷಿನಲ್ಲಿ ಬರೆದರೆ ತೂತು. ಸೋನೆ ಮಳೆ ನಮಗೆ, ಹಿಂದಿಯವರಿಗೆ ನಿದ್ದೆಯೋ ಚಿನ್ನವೋ. ಬಾನು ನಮಗೆ ಆಕಾಶ, ಪರ್ಷಿಯನ್ ಮೂಲದಲ್ಲಿ ಗೌರವಸ್ಥ ಮಹಿಳೆ, ಹಾಗಾಗಿ ಅದು ಹೆಣ್ಣೇ.


ಮಲ್ಲಿಗೆಬಳ್ಳಿ_ಮೈಸೂರು

‘ಅರಿವು ಇನ್ನೂ ಬಂದಿಲ್ಲ’ ಓದಿ ಇಬ್ಬರೂ ನಕ್ಕೆವು, ಹೊಡೆದು ಹಾಕಿದೆವು. ಮಧು ಅಥವಾ ಕಿರಣ್, ಎರಡರಲ್ಲಿ ಒಂದು. ಒಂದೇ ಪ್ರಶ್ನೆ ಉಳಿದಿದೆ: ಹೆಸರಿನ ಮುಂದೆ ಏನು? ನಮ್ಮಲ್ಲಿ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ.


ನಮೂನೆ_ಒಂದು

ಇನಿಷಿಯಲ್ ಬಿಡಿಸಿ ಬರೆಯಿರಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಆಮೇಲೆ ಬಿಡಿಸಿದರೆ ಜನನ ಪ್ರಮಾಣಪತ್ರಕ್ಕೆ ತಾಳೆಯಾಗುವುದಿಲ್ಲ. ಬರೀ ಒಂದೇ ಹೆಸರನ್ನೂ ಇಡಬೇಡಿ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದ ಇರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿದ್ದರೆ ಅದು ಮನೆತನದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಕೂರುತ್ತದೆ, ಅಂದರೆ ಹೆಸರು ಗೊತ್ತಿಲ್ಲ ಎಂದು.

ಎರಡನೇ ಪದ ತಂದೆಯದೋ ತಾಯಿಯದೋ ಊರಿನದೋ ಆಗಬಹುದು. ಕಷ್ಟಪಟ್ಟು ಆರಿಸಿದ ತಟಸ್ಥತೆ ಇಲ್ಲಿ ಸೋರಿಹೋಗದ ಹಾಗೆ ನೋಡಿಕೊಳ್ಳಿ. ಮಧು ಕುಮಾರ್, ಮಧು ಶ್ರೀ ಎಂದರೆ ಮುಗಿಯಿತು. ಮಧು ಮಂಜುನಾಥ್ ಎಂದರೆ ಕೇಳುವವರು ಗಂಡೆಂದೇ ಎಣಿಸುತ್ತಾರೆ. ಊರಿನ ಹೆಸರು ಎಲ್ಲಕ್ಕಿಂತ ಸುರಕ್ಷಿತ, ಆದರೆ ಎಂಟು ಹತ್ತು ಅಕ್ಷರ ದಾಟದಿರಲಿ, ಫಾರಂಗಳ ಚೌಕ ಸಾಲುವುದಿಲ್ಲ.


ವಿಭಕ್ತಿಪ್ರತ್ಯಯ

ಒಂದು ಸಣ್ಣ ಸೇರ್ಪಡೆ. ಆಹ್ವಾನಪತ್ರಿಕೆ, ಬಹುಮಾನಪತ್ರಗಳಲ್ಲಿ ‘ಕು.’ ಎಂದು ಹಾಕಿಸಿ. ಅದು ಕುಮಾರನೂ ಹೌದು ಕುಮಾರಿಯೂ ಹೌದು. ಮದುವೆಯ ಕಾಗದದ ಹೊತ್ತಿಗೆ ‘ಚಿ. ರಾ.’, ‘ಚಿ. ಸೌ.’ ಬರುತ್ತವೆ, ಅದಕ್ಕೆ ಇನ್ನೂ ಕಾಲವಿದೆ.

ಕಿರಣ್ ಎಂದೇ ಆದರೆ ಕನ್ನಡದಲ್ಲಿ ಕೊನೆಗೆ ‘ಣ್’ ಇರಬೇಕು, ‘ಣ’ ಅಲ್ಲ, ‘ನ್’ ಅಂತೂ ಅಲ್ಲ. ಇಂಗ್ಲಿಷಿನಲ್ಲಿ ಐದೇ ಅಕ್ಷರ, ಕೊನೆಗೆ ‘ಎ’ ಬೇಡ. ಮಧು ಎಂದಾದರೆ ‘ಡಿ’ಯ ಪಕ್ಕ ‘ಎಚ್’ ಬಿಡಬೇಡಿ, ಕೊನೆಗೆ ಎರಡು ‘ಓ’ ಹಾಕುವ ಶೋಕಿ ಬೇಡ. ಹಾಳೆಯ ಮೇಲೆ ಹೀಗೆ ಬರೆದು ಆಸ್ಪತ್ರೆಯ ಫೈಲಿನಲ್ಲಿ ಈಗಲೇ ಇಟ್ಟುಬಿಡಿ.